ಅಡಿಕೆ ಮರ ಏರುವವರಿಗೆ ಸುರಕ್ಷತಾ ಹಾರ್ನೆಸ್ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು ಮತ್ತು ಕರಾವಳಿಯ ತೋಟಗಳಲ್ಲಿ ಒಂದೇ ಅಡಿಕೆ ಮರವನ್ನು ವರ್ಷದಲ್ಲಿ ಹಲವು ಸಲ ಏರಬೇಕಾಗುತ್ತದೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ ಮತ್ತು ಸುಣ್ಣದ ದ್ರಾವಣ) ಸಿಂಪಡಣೆ, ನಲವತ್ತು ನಲವತ್ತೈದು ದಿನ ಕಳೆದ ಮೇಲೆ ಎರಡನೆಯ ಸಿಂಪಡಣೆ, ಕೆಲವು ಕಡೆ ಮಳೆ ತಾಗದಂತೆ ಕೊನೆಗಳಿಗೆ (ಅಡಿಕೆ ಗೊನೆಗಳಿಗೆ) ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವ ಕೆಲಸ, ಆಮೇಲೆ ಎರಡು ಮೂರು ಸುತ್ತಿನ ಕೊಯ್ಲು. ಇಷ್ಟೂ ಕೆಲಸವನ್ನು ಕಾಲಿಗೆ ಹಾಕಿದ ತಳೆ (ಹಗ್ಗದ ಬಳೆ), ಕೈಯ ಹಿಡಿತ ಮತ್ತು ಅಭ್ಯಾಸದ ಬಲದಿಂದಲೇ ಮಾಡಿಕೊಂಡು ಬಂದವರು ಮರ ಏರಿ ಕೊನೆ ಕೊಯ್ಯುವ ನಮ್ಮ ಕೊನೆಗೌಡರು. ಇತ್ತೀಚೆಗೆ ತೋಟದ ಮಾಲೀಕರೂ ಮರ ಏರುವವರೂ ಹಾರ್ನೆಸ್ (ಬಿದ್ದಾಗ ಹಿಡಿದುಕೊಳ್ಳಲು ಮೈಗೆ ತೊಡುವ ಪಟ್ಟಿಗಳ ಜೋಡಣೆ) ಕೊಳ್ಳಲು ಮುಂದಾಗುತ್ತಿರುವುದು ಸಂತೋಷದ ಸಂಗತಿ. ಆದರೆ ಕೊಂಡು ತಂದ ಹಾರ್ನೆಸ್ ಒಂದೆರಡು ದಿನದಲ್ಲಿಯೇ ಅಟ್ಟ ಸೇರುವುದನ್ನೂ ನಾವು ಕಂಡಿದ್ದೇವೆ. ಅದಕ್ಕೆ ಬಹುಪಾಲು ಕಾರಣ, ಕಟ್ಟಡದ ಕೆಲಸಕ್ಕೆಂದು ಮಾಡಿದ ಸಾಮಾನನ್ನು ಕೊಂಬೆಯಿಲ್ಲದ, ನುಣುಪಾದ, ಗಾಳಿಗೆ ತೂಗುವ ಮರಕ್ಕೆ ಹೊಂದಿಸುವುದು ಹೇಗೆಂದು ಯಾರೂ ಹೇಳಿಕೊಡದಿರುವುದು. ನಮ್ಮಲ್ಲಿ ಮತ್ತೆ ಮತ್ತೆ ಕೇಳಲಾದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಪ್ರಯತ್ನಿಸಿದ್ದೇವೆ.

ಸೊಂಟಕ್ಕೆ ಕಟ್ಟುವ ಬೆಲ್ಟ್ ಸಾಲದೇ? ಇಡೀ ಮೈಗೆ ತೊಡುವ ಹಾರ್ನೆಸ್ಸೇ ಬೇಕೇ?

ಸೊಂಟದ ಬೆಲ್ಟ್ ಇರುವುದು ಮರಕ್ಕೆ ಒರಗಿ ನಿಂತು ಎರಡೂ ಕೈ ಬಿಟ್ಟು ಕೆಲಸ ಮಾಡುವುದಕ್ಕೆ, ಬೀಳುವವರನ್ನು ಹಿಡಿಯುವುದಕ್ಕಲ್ಲ. ಬಿದ್ದಾಗ ಮೈಯ ಅಷ್ಟೂ ಭಾರ, ಬೀಳುವ ವೇಗದಿಂದ ಹಲವು ಪಟ್ಟು ಹೆಚ್ಚಿ, ಹೊಟ್ಟೆ ಮತ್ತು ನಡುಬೆನ್ನಿನ ಮೇಲೆ ಒಂದೇ ಪಟ್ಟಿಯಾಗಿ ಎರಗುತ್ತದೆ. ಒಳಗಿನ ಅಂಗಗಳಿಗೂ ಬೆನ್ನುಮೂಳೆಗೂ ಪೆಟ್ಟಾಗುವುದಲ್ಲದೆ, ದೇಹ ಮಡಚಿಕೊಂಡು ತಲೆಕೆಳಗಾಗಿ ಬೆಲ್ಟಿನಿಂದ ಜಾರಿ ಹೋಗುವ ಅಪಾಯವೂ ಇದೆ. ಈ ಕಾರಣಕ್ಕಾಗಿಯೇ ಅಮೆರಿಕದಲ್ಲಿ 1998ರ ಜನವರಿ 1ರಿಂದ ಬೀಳುವ ಕೆಲಸಗಾರರನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆಯಲ್ಲಿ ಬರಿಯ ಸೊಂಟದ ಬೆಲ್ಟ್ ಬಳಸುವುದನ್ನು ನಿಯಮದ ಮೂಲಕವೇ ನಿಲ್ಲಿಸಲಾಯಿತು.

ಇಡೀ ಮೈಗೆ ತೊಡುವ ಹಾರ್ನೆಸ್ ಈ ಬಲವನ್ನು ತೊಡೆ, ಕುಂಡಿ, ಎದೆ ಮತ್ತು ಹೆಗಲುಗಳಿಗೆ ಹಂಚುತ್ತದೆ. ಬಲ ಎಷ್ಟಿರುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಕೊಡಬಹುದು. 70 ಕಿಲೋ ತೂಕದ ವ್ಯಕ್ತಿ 2 ಮೀಟರ್ ಕೆಳಗೆ ಬಿದ್ದು, ಎಳೆದರೂ ಹಿಗ್ಗದ ಹಗ್ಗವೊಂದು ಅವರನ್ನು ಕೇವಲ 10 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ, ಆ ಕ್ಷಣದಲ್ಲಿ ಮೈಮೇಲೆ ಬೀಳುವ ಸರಾಸರಿ ಬಲ ಸುಮಾರು 14 ಕಿಲೋನ್ಯೂಟನ್, ಅಂದರೆ ಒಂದೂವರೆ ಟನ್ನಿಗೆ ಹತ್ತಿರ. ಅದೇ ಹಗ್ಗಕ್ಕೆ ಹೊಲಿಗೆ ಬಿಚ್ಚಿಕೊಳ್ಳುತ್ತಾ ವೇಗ ತಗ್ಗಿಸುವ ಶಾಕ್ ಅಬ್ಸಾರ್ಬರ್ ಇದ್ದರೆ, ಯುರೋಪಿನ ಮಾನದಂಡದ ಪ್ರಕಾರ ಅದು 6 ಕಿಲೋನ್ಯೂಟನ್ ಮೀರಬಾರದು. ಇನ್ನು ಏನೂ ಕಟ್ಟಿಕೊಳ್ಳದೆ 50 ಅಡಿಯಿಂದ ಬಿದ್ದವರು ನೆಲ ಮುಟ್ಟುವಾಗ ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿರುತ್ತಾರೆ. ಬದುಕಿ ಉಳಿದರೂ ಬೆನ್ನುಹುರಿಗೆ ಪೆಟ್ಟಾಗಿ ಮಲಗಿದಲ್ಲೇ ಉಳಿಯುವವರ ಮನೆಗಳನ್ನು ಅಡಿಕೆ ಸೀಮೆಯವರು ಬಲ್ಲರು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಕಟ್ಟಡ ಕೆಲಸದ ಹಾರ್ನೆಸ್ ನಮಗೆ ಆಗುತ್ತದೆಯೇ?

ಮೈಗೆ ತೊಡುವ ಭಾಗ ಆಗಬಹುದು. ಅದರ ಜೊತೆಗೆ ಬರುವ ಹಗ್ಗ ಮತ್ತು ಕೊಂಡಿ ಹೆಚ್ಚಿನ ಪಾಲು ಆಗುವುದಿಲ್ಲ. ಕಟ್ಟಡದ ಹಾರ್ನೆಸ್ಸಿಗೆ ಸುಮಾರು ಒಂದು ಮುಕ್ಕಾಲು, ಎರಡು ಮೀಟರ್ ಉದ್ದದ ಲ್ಯಾನ್ಯಾರ್ಡ್ ಎಂಬ ಹಗ್ಗ ಇರುತ್ತದೆ. ಅದರ ತುದಿಯ ದೊಡ್ಡ ಕೊಕ್ಕೆಯನ್ನು ಸಾರುವೆಯ ಕಬ್ಬಿಣದ ಪೈಪಿಗೆ ಸಿಕ್ಕಿಸಬೇಕೆಂದು ಮಾಡಿರುತ್ತಾರೆ. ಅಡಿಕೆ ಮರದಲ್ಲಿ ಆ ಕೊಕ್ಕೆಯನ್ನು ಸಿಕ್ಕಿಸಲು ಜಾಗವೇ ಇಲ್ಲ. ಆಗ ಅನೇಕರು ಲ್ಯಾನ್ಯಾರ್ಡನ್ನು ಮರಕ್ಕೆ ಸುತ್ತಿ ಕೊಕ್ಕೆಯನ್ನು ಅದೇ ಹಗ್ಗಕ್ಕೆ ಸಿಕ್ಕಿಸುತ್ತಾರೆ. ಹಾಗೆ ತಿರುಗಿಸಿ ಸಿಕ್ಕಿಸಲೆಂದೇ ತಯಾರಿಸಿದ ಲ್ಯಾನ್ಯಾರ್ಡ್ ಅಲ್ಲದಿದ್ದರೆ, ಎಳೆತ ಬಂದಾಗ ಕೊಕ್ಕೆಯ ಬಾಗಿಲಿನ ಮೇಲೆ ಅಡ್ಡಡ್ಡ ಬಲ ಬಿದ್ದು ಅದು ತೆರೆದುಕೊಳ್ಳಬಹುದು, ಹಗ್ಗವೂ ಕತ್ತರಿಸಬಹುದು.

ಇನ್ನೊಂದು ಮಾತು: ಉದ್ದದ ಲ್ಯಾನ್ಯಾರ್ಡಿನ ಅಬ್ಸಾರ್ಬರ್ ಪೂರ್ತಿ ಬಿಚ್ಚಿಕೊಂಡು ಮನುಷ್ಯನನ್ನು ನಿಲ್ಲಿಸಲು ಕೆಳಗೆ ಸುಮಾರು 6 ಮೀಟರ್ ಖಾಲಿ ಜಾಗ ಬೇಕು. ಹಾಗಾಗಿ ಮರದ ಕೆಳಗಿನ ಇಪ್ಪತ್ತು ಅಡಿಯಲ್ಲಿ ಅದು ನಿಮ್ಮನ್ನು ಕಾಪಾಡುತ್ತದೆಂದು ನಂಬುವಂತಿಲ್ಲ. ನಮಗೆ ಬೇಕಾಗಿರುವುದು ಹಾರ್ನೆಸ್ಸನ್ನು ಮರಕ್ಕೆ ಜೋಡಿಸುವ ಗಿಡ್ಡನೆಯ ಕಟ್ಟು.

ಹಾಗಾದರೆ ಮರಕ್ಕೆ ಕಟ್ಟಿಕೊಳ್ಳುವುದು ಹೇಗೆ?

ನಮ್ಮ ದೃಷ್ಟಿಯಲ್ಲಿ ಎಲ್ಲ ಪ್ರಶ್ನೆಗಳಿಗಿಂತ ಇದೇ ದೊಡ್ಡದು. ಎಷ್ಟೇ ಒಳ್ಳೆಯ ಹಾರ್ನೆಸ್ ತಂದರೂ ಅದರ ಪಟ್ಟಿ ಮರವನ್ನು ಹಿಡಿದುಕೊಳ್ಳದಿದ್ದರೆ, ನೀವೂ ಪಟ್ಟಿಯೂ ಒಟ್ಟಿಗೆ ಬುಡದವರೆಗೆ ಜಾರುತ್ತೀರಿ.

ವಿದ್ಯುತ್ ಕಂಬ ಏರುವವರಂತೆ ಮರದ ಸುತ್ತ ಒಂದು ಸಡಿಲ ಬಳಸು ಹಾಕಿ, ಅದರ ಎರಡು ತುದಿಗಳನ್ನು ಹಾರ್ನೆಸ್ಸಿನ ಸೊಂಟದ ಎರಡು ಬದಿಯ ಲೋಹದ ಬಳೆಗಳಿಗೆ ಸಿಕ್ಕಿಸುವುದು ಎಲ್ಲರಿಗೂ ಮೊದಲು ತೋಚುವ ಉಪಾಯ. ಹಿಂದಕ್ಕೆ ಒರಗಿ ನಿಂತಾಗ ಅದು ಚೆನ್ನಾಗಿ ಹಿಡಿಯುತ್ತದೆ, ಏಕೆಂದರೆ ನಿಮ್ಮ ಭಾರವೇ ಪಟ್ಟಿಯನ್ನು ಮರಕ್ಕೆ ಒತ್ತುತ್ತದೆ. ಕಾಲು ಜಾರಿ ಮೈ ಮರಕ್ಕೆ ಅಂಟಿದ ಕ್ಷಣದಲ್ಲಿ ಆ ಒತ್ತಡ ಇಲ್ಲವಾಗುತ್ತದೆ, ಬಳಸು ಉಂಗುರದಂತೆ ಕೆಳಗಿಳಿಯುತ್ತದೆ. ನಮ್ಮ ತೋಟದಲ್ಲಿ ಇದನ್ನು ಎದೆಯೆತ್ತರದಲ್ಲಿ ಮರಳಿನ ಚೀಲ ಕಟ್ಟಿ ನೋಡಿದೆವು. ಸಡಿಲ ಬಳಸು ಮರದ ಗೆಣ್ಣುಗಳ ಗುರುತಿನ ಮೇಲೆ ತಡೆಯುತ್ತದೆಂದು ನಾವು ಎಣಿಸಿದ್ದು ತಪ್ಪಾಯಿತು. ಒಂದೆರಡು ಕಡೆ ತಡವರಿಸಿದಂತೆ ಮಾಡಿ ಚೀಲ ನೆಲಕ್ಕೆ ಬಂತು. ಅದೇ ಪಟ್ಟಿಯನ್ನು ಜೀರುಕುಣಿಕೆಯಾಗಿ ಹಾಕಿದಾಗ ಗೇಣಿನಷ್ಟು ಜಾರಿ ಬಿಗಿದುಕೊಂಡು ನಿಂತಿತು. ಎರಡು ಸುತ್ತು ಸುತ್ತಿ ಕುಣಿಕೆ ಹಾಕಿದಾಗ ಜಾರಿದ್ದು ಕಾಣಲೇ ಇಲ್ಲ.

ಆದ್ದರಿಂದ ಕೊಳ್ಳಬೇಕಾದದ್ದು ಎರಡೂ ತುದಿಗಳಲ್ಲಿ ಹೊಲಿದ ಕಣ್ಣಿರುವ, ನೈಲಾನ್ ಅಥವಾ ಪಾಲಿಯೆಸ್ಟರಿನ ಚಪ್ಪಟೆ ಪಟ್ಟಿ. ಅದರ ಮೇಲೆ 22 ಕಿಲೋನ್ಯೂಟನ್ ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆದಿರಬೇಕು. ಒಂದು ಕಣ್ಣಿನೊಳಗೆ ಇನ್ನೊಂದು ತುದಿಯನ್ನು ತೂರಿಸಿದರೆ ಕುಣಿಕೆಯಾಯಿತು. ಕುಣಿಕೆಯಾಗಿ ಬಳಸಿದಾಗ ಪಟ್ಟಿಯ ತಾಕತ್ತು ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ, ಆದರೂ ನಮ್ಮ ಕೆಲಸಕ್ಕೆ ಬೇಕಾದಷ್ಟು ಉಳಿಯುತ್ತದೆ. ಅಡಿಕೆ ಮರದ ಸುತ್ತಳತೆ ಬುಡದಲ್ಲಿ ಹೆಚ್ಚಿದ್ದು ಮೇಲೆ ಹೋದಂತೆ ತಗ್ಗುವುದರಿಂದ, ನಿಮ್ಮ ತೋಟದ ದಪ್ಪ ಮರವೊಂದರ ಬುಡಕ್ಕೆ ನೂಲು ಸುತ್ತಿ ಅಳತೆ ತೆಗೆದುಕೊಂಡು, ಅದರ ಎರಡು ಸುತ್ತಿನ ಮೇಲೆ ಒಂದು ಮೊಳ ಉಳಿಯುವಷ್ಟು ಉದ್ದದ ಪಟ್ಟಿ ಆರಿಸಿ. ಶಾಕ್ ಅಬ್ಸಾರ್ಬರ್ ಸೇರಿದ ಗಿಡ್ಡ ಕಟ್ಟು ಸಿಕ್ಕರೆ ಅದನ್ನೇ ಪಟ್ಟಿಗೂ ಹಾರ್ನೆಸ್ಸಿಗೂ ನಡುವೆ ಹಾಕಿಕೊಳ್ಳುವುದು ಉತ್ತಮ.

ಅಡಿಕೆ ಮರಕ್ಕೆ ಒಂದು ದೊಡ್ಡ ಅನುಕೂಲವಿದೆ. ಬುಡದಿಂದ ಚಂಡೆಯವರೆಗೆ (ತುದಿಯ ಸೋಗೆಗಳ ಗುಂಪಿನವರೆಗೆ) ಅದಕ್ಕೆ ಒಂದೂ ಕೊಂಬೆಯಿಲ್ಲ. ಮಾವು ಹಲಸುಗಳಲ್ಲಿ ಪ್ರತಿ ಕೊಂಬೆಯ ಬಳಿ ಕಟ್ಟು ಬಿಚ್ಚಿ ಮತ್ತೆ ಕಟ್ಟಬೇಕು. ಇಲ್ಲಿ ನೆಲದ ಮೇಲೆ ನಿಂತು ಹಾಕಿದ ಕುಣಿಕೆಯನ್ನು ಬಿಚ್ಚದೆಯೇ ತುದಿಯವರೆಗೆ ಒಯ್ಯಬಹುದು. ತಳೆಯ ಮೇಲೆ ನಿಂತು, ಒಂದು ಕೈಯಲ್ಲಿ ಮರ ತಬ್ಬಿ, ಇನ್ನೊಂದು ಕೈಯಲ್ಲಿ ಕುಣಿಕೆಯನ್ನು ಸಡಿಲಿಸಿ ತಲೆಯ ಮೇಲಕ್ಕೆ ತಳ್ಳಿ, ಕೆಳಗೆ ಜಗ್ಗಿ ಬಿಗಿಮಾಡಿ, ಅದು ಎದೆಯ ಮಟ್ಟಕ್ಕೆ ಬರುವವರೆಗೆ ಏರಿ, ಮತ್ತೆ ತಳ್ಳಬೇಕು. ಸುತ್ತು ಎರಡಾದರೆ ಹಿಡಿತ ಹೆಚ್ಚುತ್ತದೆ, ಆದರೆ ಮೇಲೆ ತಳ್ಳುವುದು ನಿಧಾನವಾಗುತ್ತದೆ. ಒಣ ಮರಕ್ಕೆ ಒಂದು ಸುತ್ತು, ಪಾಚಿ ಕಟ್ಟಿದ ಮರಕ್ಕೆ ಎರಡು ಸುತ್ತು ಎಂಬುದು ನಾವು ಪಾಲಿಸುತ್ತಿರುವ ಕ್ರಮ. ಮೊದಲ ಹತ್ತು ದಿನ ಇದು ಕಿರಿಕಿರಿಯೆನಿಸುತ್ತದೆ, ಆಮೇಲೆ ಕೈಗೆ ಹತ್ತುತ್ತದೆ.

ತುದಿಯಲ್ಲಿ ಮಾತ್ರ ಎಚ್ಚರವಿರಲಿ. ಸೋಗೆಯ ಬುಡದ ಹಾಳೆಗಳು ಸುತ್ತಿಕೊಂಡಿರುವ ಹಸಿರು ಭಾಗಕ್ಕಾಗಲಿ, ಸೋಗೆಗಾಗಲಿ, ಕೊನೆಯ ತೊಟ್ಟಿಗಾಗಲಿ ಎಂದಿಗೂ ಕುಣಿಕೆ ಹಾಕಬಾರದು. ಹಾಳೆ ಬಲಿತರೆ ತಾನಾಗಿ ಕಳಚಿ ಬೀಳುವಂಥದ್ದು. ಕುಣಿಕೆ ಅದಕ್ಕಿಂತ ಕೆಳಗೆ, ಗೆಣ್ಣು ಕಾಣುವ ಗಟ್ಟಿ ಕಾಂಡದ ಮೇಲೆ ಕೂರಬೇಕು. ಅಲ್ಲಿ ಕುಣಿಕೆಯನ್ನು ತಲೆಗಿಂತ ಮೇಲಿಡಲು ಸಾಧ್ಯವಾಗುವುದಿಲ್ಲವಾದ್ದರಿಂದ, ಎದೆಯ ಮಟ್ಟಕ್ಕಿಂತ ಕೆಳಗೆ ಹೋಗದಂತೆ ಇಟ್ಟು, ನಡುವಿನ ಕಟ್ಟಿನಲ್ಲಿ ಸಡಿಲವೇ ಇಲ್ಲದಂತೆ ನೋಡಿಕೊಳ್ಳಬೇಕು.

ಹಾರ್ನೆಸ್ಸಿನಲ್ಲಿ ಹಲವು ಬಳೆಗಳಿವೆ. ಯಾವುದಕ್ಕೆ ಸಿಕ್ಕಿಸಬೇಕು?

ಮರ ಏರುವವರಿಗೆ ಎದೆಯ ಮುಂದಿನ ಬಳೆ ಸೂಕ್ತ. ಕೊಳ್ಳುವಾಗ ಅದು ಇದೆಯೇ ಎಂದು ನೋಡಿಯೇ ಕೊಳ್ಳಿ. ಅಗ್ಗದ ಹಾರ್ನೆಸ್‌ಗಳಲ್ಲಿ ಬೆನ್ನಿನ ಬಳೆ ಮಾತ್ರ ಇರುತ್ತದೆ. ಬೆನ್ನಿಗೆ ಸಿಕ್ಕಿಸಿಕೊಂಡು ಬಿದ್ದರೆ ಮುಖ ಹೊರಗಾಗಿ, ಮರಕ್ಕೆ ಬೆನ್ನು ಮಾಡಿ ತೂಗಾಡುತ್ತೀರಿ. ಮತ್ತೆ ಮರ ಹಿಡಿಯುವುದು ಕಷ್ಟ. ಎದೆಯ ಬಳೆಗೆ ಕಟ್ಟಿದ್ದರೆ ಮರ ಕಣ್ಣೆದುರೇ, ಕೈಯಳತೆಯಲ್ಲೇ ಇರುತ್ತದೆ. ಎದೆಯ ಬಳೆಗೆ ಕಟ್ಟಿಕೊಂಡಾಗ ಬೀಳುವ ದೂರ ಎರಡು ಅಡಿಯೊಳಗೆ ಇರಬೇಕೆಂಬುದನ್ನು ಮರೆಯಬಾರದು. ಕಟ್ಟು ಗಿಡ್ಡವಿರಲಿ ಎಂದು ಮೇಲೆ ಹೇಳಿದ್ದು ಈ ಕಾರಣಕ್ಕೂ ಹೌದು.

ಯುರೋಪಿನ ಇಎನ್ 361 ಮಾನದಂಡದ ಹಾರ್ನೆಸ್ಸಿನಲ್ಲಿ ಬೀಳುವವರನ್ನು ಹಿಡಿಯಬಲ್ಲ ಬಳೆಯ ಪಕ್ಕದಲ್ಲಿ ದೊಡ್ಡ ಎ ಅಕ್ಷರದ ಗುರುತಿರುತ್ತದೆ. ಅರ್ಧ ಎ ಎಂದು ಎರಡು ಕಡೆ ಇದ್ದರೆ ಆ ಎರಡನ್ನೂ ಸೇರಿಸಿಯೇ ಕೊಂಡಿ ಹಾಕಬೇಕು. ಸೊಂಟದ ಬದಿಯ ಬಳೆಗಳಿಗೆ ಈ ಗುರುತು ಇರುವುದಿಲ್ಲ, ಅವು ಒರಗಿ ನಿಲ್ಲುವುದಕ್ಕೆ ಮಾತ್ರ.

ಯಾವ ಗುರುತು ಇರುವುದನ್ನು ಕೊಳ್ಳಬೇಕು?

ಭಾರತೀಯ ಮಾನಕ ಬ್ಯೂರೋದ ಐಎಸ್ 3521 ಅಥವಾ ಯುರೋಪಿನ ಇಎನ್ 361. ಪಟ್ಟಿಗೆ ಹೊಲಿದ ಚೀಟಿಯಲ್ಲಿ ಮಾನದಂಡದ ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಕ್ರಮಸಂಖ್ಯೆ, ಹೊರಬಲ್ಲ ಗರಿಷ್ಠ ತೂಕ ಇವಿಷ್ಟೂ ಓದಲು ಬರುವಂತಿರಬೇಕು. ಚೀಟಿಯಿಲ್ಲದ್ದನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ. ತೂಕದ ಮಿತಿಯನ್ನು ನೋಡುವಾಗ ಕೊನೆಕತ್ತಿ, ನೇಣು (ಕೊನೆ ಇಳಿಸುವ ಹಗ್ಗ), ಸಿಂಪಡಣೆಯ ಪೈಪು ಎಲ್ಲವನ್ನೂ ನಿಮ್ಮ ತೂಕಕ್ಕೆ ಸೇರಿಸಿ ಲೆಕ್ಕ ಹಾಕಿ.

ಕೊಂಡಿಯ ಬಗ್ಗೆ ಎರಡು ಮಾತು: ಬಾಗಿಲು ತಾನಾಗಿ ಮುಚ್ಚಿ, ಅದರ ಮೇಲೆ ಇನ್ನೊಂದು ಬೀಗ ಬೀಳುವ ಕ್ಯಾರಬೈನರ್ ಬೇಕು. ಬೀಗದಕೈ ಗೊಂಚಲಿಗೆ ಸಿಕ್ಕಿಸುವ, ನೋಡಲು ಹಾಗೆಯೇ ಇರುವ ಅಲಂಕಾರದ ಕೊಂಡಿಗಳು ಸಂತೆಯಲ್ಲಿ ಸಿಗುತ್ತವೆ. ಅವುಗಳ ಮೇಲೆ ಕಿಲೋನ್ಯೂಟನ್ ಬರೆದಿರುವುದಿಲ್ಲ.

ಅಳತೆ ಸರಿಯಿದೆ ಎಂದು ತಿಳಿಯುವುದು ಹೇಗೆ?

ತೊಟ್ಟು ನೋಡದೆ ಕೊಳ್ಳಬಾರದು. ಮರ ಏರುವವರಲ್ಲಿ ತೆಳ್ಳನೆಯ ಮೈಕಟ್ಟಿನವರೇ ಹೆಚ್ಚು. ಎಲ್ಲರಿಗೂ ಒಂದೇ ಅಳತೆ ಎಂದು ಮಾರುವ ಹಾರ್ನೆಸ್ಸಿನ ತೊಡೆಪಟ್ಟಿಗಳನ್ನು ಕೊನೆಯವರೆಗೆ ಎಳೆದರೂ ಅವರಿಗೆ ಸಡಿಲವಾಗಿಯೇ ಉಳಿಯುತ್ತದೆ. ತೊಡೆಯ ಪಟ್ಟಿ ಮತ್ತು ತೊಡೆಯ ನಡುವೆ ಚಪ್ಪಟೆಯಾಗಿ ಹಿಡಿದ ಅಂಗೈ ತೂರಬೇಕು, ಮುಷ್ಟಿ ತೂರಬಾರದು. ಎದೆಯ ಪಟ್ಟಿ ಎದೆಯ ನಡುವೆಯೇ ಇರಬೇಕು; ಮೇಲೆ ಸರಿದರೆ ಬಿದ್ದಾಗ ಕುತ್ತಿಗೆಗೆ ಬರುತ್ತದೆ. ಬೆನ್ನಿನ ಬಳೆ ಎರಡು ಹೆಗಲಮೂಳೆಗಳ ನಡುವೆ ಕೂರಬೇಕು.

ತೊಟ್ಟ ಮೇಲೆ ಕೂತು ಎದ್ದು, ತಳೆ ಹಾಕಿ ಎರಡು ಹೆಜ್ಜೆ ಏರಿ ನೋಡಿ. ಅಡಿಕೆ ಮರ ಏರುವಾಗ ಮೊಣಕಾಲುಗಳನ್ನು ಹೊರಕ್ಕೆ ಅಗಲಿಸಿ ಮಡಚಿ ಮೈಯನ್ನು ಎತ್ತಬೇಕಾಗುತ್ತದೆ. ನಿಂತಾಗ ಸರಿಯಿದ್ದ ತೊಡೆಪಟ್ಟಿ ಆ ಭಂಗಿಯಲ್ಲಿ ಒಳತೊಡೆಯನ್ನು ಕೊಯ್ಯುವಂತಾಗುವುದು ಸಾಮಾನ್ಯ. ಬರಿ ಲುಂಗಿ ಎತ್ತಿ ಕಟ್ಟಿ ಹಾರ್ನೆಸ್ ತೊಡುವುದು ಬೇಡ, ದಪ್ಪ ಬಟ್ಟೆಯ ಚಡ್ಡಿ ಇರಲಿ. ಹಾರ್ನೆಸ್ ಅಟ್ಟ ಸೇರುವುದಕ್ಕೆ ಬೆಲೆಗಿಂತಲೂ ಈ ತೊಡೆಯ ಉರಿಯೇ ದೊಡ್ಡ ಕಾರಣವೆಂದು ನಮಗೆ ಅನ್ನಿಸಿದೆ. ತೊಡೆಗೆ ಮೆತ್ತೆಯಿರುವ ಹಾರ್ನೆಸ್ಸಿಗೆ ಸ್ವಲ್ಪ ಹೆಚ್ಚು ಕೊಟ್ಟರೆ ಅದು ವ್ಯರ್ಥವಲ್ಲ.

ವಿದೇಶದ ಬೇಟೆಗಾರರು ಬಳಸುವ ಮರದ ಹಾರ್ನೆಸ್ ಆನ್‌ಲೈನಿನಲ್ಲಿ ಕಾಣುತ್ತದೆ. ಅದು ಮರಕ್ಕೆಂದೇ ಮಾಡಿದ್ದಲ್ಲವೇ?

ಮರಕ್ಕೆಂದೇ ಮಾಡಿದ್ದು ನಿಜ, ಆದರೆ ಮರದಲ್ಲಿ ಕೂರುವವರಿಗೆ. ಅಮೆರಿಕದಲ್ಲಿ ಜಿಂಕೆ ಬೇಟೆಯಾಡುವವರು ಮರಕ್ಕೆ ಕಟ್ಟಿದ ಸಣ್ಣ ಅಟ್ಟಣಿಗೆಯ ಮೇಲೆ ಗಂಟೆಗಟ್ಟಲೆ ಅಲುಗಾಡದೆ ಕಾಯುತ್ತಾರೆ. ಅವರ ಹಾರ್ನೆಸ್ಸಿನ ಕಟ್ಟು ಬೆನ್ನಿನಿಂದ ಹೊರಟು ತಲೆಯ ಮೇಲೆ ಮರಕ್ಕೆ ಸುತ್ತಿದ ಪಟ್ಟಿಗೆ ಸೇರುತ್ತದೆ. ಬಿಲ್ಲು ಎಳೆಯಲು ಮುಂದುಗಡೆ ಖಾಲಿ ಇರಬೇಕೆಂಬುದು ಆ ವಿನ್ಯಾಸದ ಕಾರಣ. ದಿನವಿಡೀ ಮರದಿಂದ ಮರಕ್ಕೆ ಏರಿಳಿಯುವ ನಮಗೆ ಅದು ಹೊಂದುವುದಿಲ್ಲ.

ಆದರೆ ಅವರಿಂದ ಕಲಿಯಬೇಕಾದ ವಿಷಯ ಒಂದಿದೆ. ಬೇಟೆಗಾರರಿಗೆ ಹೇಳಿಕೊಡುವ ಮೊದಲ ನಿಯಮ, ಕೂತಾಗ ಮಾತ್ರವಲ್ಲ, ಏರುವಾಗಲೂ ಇಳಿಯುವಾಗಲೂ ಕಟ್ಟಿಕೊಂಡೇ ಇರಬೇಕೆಂಬುದು. ಅದಕ್ಕಾಗಿ ಅವರು ಅಟ್ಟಣಿಗೆಯ ಮೇಲಿನಿಂದ ನೆಲದವರೆಗೆ ಒಂದು ಹಗ್ಗವನ್ನು ಖಾಯಂ ಇಳಿಬಿಟ್ಟು, ಅದಕ್ಕೆ ಪ್ರುಸಿಕ್ ಗಂಟಿನ ಸಣ್ಣ ಹಗ್ಗ ಹಾಕಿ ಅದನ್ನು ಹಾರ್ನೆಸ್ಸಿಗೆ ಸಿಕ್ಕಿಸುತ್ತಾರೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಚುರಪಡಿಸಿದ ಈ ಗಂಟು ಕೈಯಿಂದ ತಳ್ಳಿದರೆ ಸರಿಯುತ್ತದೆ, ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ. ತೋಟದ ಸಾವಿರ ಮರಗಳಿಗೆ ಹಗ್ಗ ಇಳಿಬಿಡುವುದು ಆಗದ ಮಾತು. ಮನೆಯಂಗಳದಲ್ಲಿ ವರ್ಷವಿಡೀ ಏರುವ ನಾಲ್ಕೈದು ತೆಂಗಿನ ಮರಗಳಿದ್ದರೆ ಈ ಕ್ರಮವನ್ನು ಯೋಚಿಸಬಹುದು.

ಮರದಿಂದ ಮರಕ್ಕೆ ದಾಟುವಾಗ ಏನು ಮಾಡಬೇಕು?

ನುರಿತ ಕೊನೆಗೌಡರು ಒಂದು ಮರದ ತುದಿಯಿಂದಲೇ ಪಕ್ಕದ ಮರವನ್ನು ಬಳಿಗೆ ಎಳೆದುಕೊಂಡು ದಾಟುತ್ತಾರೆ. ಪ್ರತಿ ಮರವನ್ನೂ ಬುಡದಿಂದ ಏರುವ ಶ್ರಮ ಇದರಿಂದ ತಪ್ಪುತ್ತದೆ. ಈ ಕೌಶಲದ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೂ ಸ್ಪಷ್ಟವಾಗಿ ಹೇಳಬೇಕಾದದ್ದು: ಹೀಗೆ ದಾಟುವುದಕ್ಕೆ ಹೊಂದುವ ಹಾರ್ನೆಸ್ ಇಲ್ಲ. ಎರಡು ಕುಣಿಕೆಗಳನ್ನು ಇಟ್ಟುಕೊಂಡು, ಎರಡನೆಯದನ್ನು ಹೊಸ ಮರಕ್ಕೆ ಬಿಗಿದ ನಂತರ ಮೊದಲನೆಯದನ್ನು ಬಿಚ್ಚುವುದು ಕೇಳಲು ಸರಿಯೆನಿಸುತ್ತದೆ. ಆದರೆ ಬಾಗಿಸಿ ಹಿಡಿದ ಮರ ಕೈತಪ್ಪಿ ಹಿಂದಕ್ಕೆ ಚಿಮ್ಮಿದರೆ, ಎರಡೂ ಮರಗಳಿಗೆ ಕಟ್ಟಿಕೊಂಡವರ ಮೈ ನಡುವೆ ಸಿಕ್ಕಿ ಎಳೆಯಲ್ಪಡುತ್ತದೆ. ಹಾರ್ನೆಸ್ ತೊಟ್ಟವರು ದಾಟುವುದನ್ನು ಬಿಟ್ಟು, ಏರಿದ ಮರದಲ್ಲೇ ಕಟ್ಟಿಕೊಂಡು ನಿಂತು ಸಣ್ಣ ದೋಟಿಯಿಂದ (ತುದಿಗೆ ಕತ್ತಿಯಿರುವ ಕೋಲಿನಿಂದ) ಸುತ್ತಲಿನ ಮರಗಳ ಕೊನೆ ಇಳಿಸುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಇದರಿಂದ ಕೆಲಸ ನಿಧಾನವಾಗುತ್ತದೆ ಎಂಬುದನ್ನು ಮಾಲೀಕರು ಮೊದಲೇ ಒಪ್ಪಿಕೊಳ್ಳಬೇಕು.

ಎಲ್ಲ ಮರವೂ ಬಿದ್ದವರ ಭಾರ ತಡೆಯುತ್ತದೆಯೇ?

ಇಲ್ಲ. ಹಾರ್ನೆಸ್ಸಿಗೆ ಮಾನದಂಡವಿದೆ, ಮರಕ್ಕಿಲ್ಲ. ಏರುವ ಮೊದಲು ಮರದ ಸುತ್ತ ಒಂದು ಸುತ್ತು ಬಂದು ನೋಡಬೇಕು. ನೈಋತ್ಯದ ಬಿಸಿಲಿಗೆ ಸುಟ್ಟು ಕಾಂಡ ಸೀಳಿದ ಮರ, ಅಣಬೆರೋಗ ತಗುಲಿ ಬುಡದಲ್ಲಿ ಅಣಬೆ ಎದ್ದ ಮರ, ಹಿಡಿಮುಂಡಿಗೆ ರೋಗದಿಂದ ತುದಿ ಸಣಕಲಾದ ಮರ, ಮರಕುಟಿಕ ತೂತು ಮಾಡಿದ ಮರ, ಸಿಡಿಲು ಬಡಿದ ಮರ ಇವುಗಳಿಗೆ ಕಟ್ಟಿಕೊಂಡು ಏರುವುದು ಬರಿಗೈಯಲ್ಲಿ ಏರುವುದಕ್ಕಿಂತ ಸುರಕ್ಷಿತವೇನಲ್ಲ, ಏಕೆಂದರೆ ಮರ ಮುರಿದರೆ ಅದರೊಂದಿಗೆ ನೀವೂ ಬರುತ್ತೀರಿ. ಕತ್ತಿಯ ಹಿಡಿಯಿಂದ ಕಾಂಡಕ್ಕೆ ಬಡಿದಾಗ ಪೊಳ್ಳು ದನಿ ಬಂದರೆ ಬಿಟ್ಟುಬಿಡಿ. ಅಂಥ ಮರಗಳಿಗೆ ಬಣ್ಣ ಬಳಿದು ಗುರುತು ಮಾಡಿಡುವುದು ಮಾಲೀಕರ ಕರ್ತವ್ಯ. ಬೇರೆ ಊರಿನಿಂದ ಬಂದ ಕೆಲಸಗಾರರಿಗೆ ನಿಮ್ಮ ತೋಟದ ಯಾವ ಮರ ಯಾವ ವರ್ಷ ಸಿಡಿಲಿಗೆ ಸಿಕ್ಕಿತೆಂದು ತಿಳಿದಿರುವುದಿಲ್ಲ.

ಬೋರ್ಡೋ ಸಿಂಪಡಿಸುವಾಗ ಅದೇ ಹಾರ್ನೆಸ್ ಬಳಸಬಹುದೇ?

ಬಳಸಬಹುದು, ಬಳಸಲೇಬೇಕು ಕೂಡ. ಒದ್ದೆ ಮರ ಏರಬೇಕಾಗುವುದು ಆ ಕೆಲಸದಲ್ಲೇ. ಆದರೆ ಮೈಲುತುತ್ತ ಲೋಹವನ್ನು ತಿನ್ನುತ್ತದೆ. ದ್ರಾವಣಕ್ಕೆ ಸುಣ್ಣ ಕಡಿಮೆಯಾದಾಗ ಅದ್ದಿದ ಕಬ್ಬಿಣದ ಕತ್ತಿಯ ಮೇಲೆ ತಾಮ್ರದ ಕೆಂಪು ಬಣ್ಣ ಕೂರುವುದನ್ನು ನೀವು ನೋಡಿರುತ್ತೀರಿ; ಅದೇ ಕ್ರಿಯೆ ನಿಮ್ಮ ಕೊಂಡಿಯ ಒಳಗಿನ ಸ್ಪ್ರಿಂಗಿಗೂ ಆಗುತ್ತದೆ. ಪಟ್ಟಿಗಳ ಮಟ್ಟಿಗೆ, ನೈಲಾನಿಗೆ ಆಮ್ಲ ಆಗದು, ಪಾಲಿಯೆಸ್ಟರಿಗೆ ತೀಕ್ಷ್ಣ ಕ್ಷಾರ ಆಗದು, ಆದ್ದರಿಂದ ಯಾವುದೇ ನೂಲಿನದಾದರೂ ಮೈಲುತುತ್ತ ಸುಣ್ಣಗಳ ಪದರ ಅದರ ಮೇಲೆ ಒಣಗಿ ಕೂರಲು ಬಿಡಬಾರದು. ಅಂದಿನ ಕೆಲಸ ಮುಗಿದ ಸಂಜೆಯೇ ಬರಿ ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಕೊಂಡಿಯ ಬಾಗಿಲನ್ನು ಹತ್ತಾರು ಸಲ ತೆರೆದು ಮುಚ್ಚಿ ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಒಲೆಯ ಮೇಲಿನ ಬಿಸಿಗಾಗಲಿ ಅಡಿಕೆ ಒಣಗಿಸುವ ಗೂಡಿಗಾಗಲಿ ಹಾಕಬೇಡಿ. ಅನುಕೂಲವಿದ್ದವರು ಸಿಂಪಡಣೆಗೆ ಬೇರೆ, ಕೊಯ್ಲಿಗೆ ಬೇರೆ ಕುಣಿಕೆ ಪಟ್ಟಿ ಇಟ್ಟುಕೊಳ್ಳುವುದು ಒಳ್ಳೆಯದು.

ಕೊನೆಕತ್ತಿ ತಗುಲಿದರೆ ಪಟ್ಟಿ ತುಂಡಾಗುವುದಿಲ್ಲವೇ?

ತುಂಡಾಗುತ್ತದೆ, ಅದೂ ಬಿಗಿಯಾಗಿರುವಾಗ ಬೆಣ್ಣೆಯಂತೆ. ಹರಿತವಾದ ಕತ್ತಿ ಬೀಸುವ ಕೆಲಸದಲ್ಲಿ ಒಂದೇ ಪಟ್ಟಿಯನ್ನು ನಂಬಬಾರದು. ತುದಿ ತಲುಪಿ ಕತ್ತಿ ಹೊರತೆಗೆಯುವ ಮೊದಲು ಎರಡನೆಯ ಕುಣಿಕೆಯನ್ನು ಮೊದಲನೆಯದರ ಕೆಳಗೆ, ಎದೆಯ ಮಟ್ಟಕ್ಕಿಂತ ಇಳಿಯದಂತೆ ಹಾಕಿಕೊಳ್ಳಿ. ಗರಗಸ ಹಿಡಿದು ಮರ ಏರುವ ವಿದೇಶದ ಕೆಲಸಗಾರರು ಒಳಗೆ ಉಕ್ಕಿನ ತಂತಿಯಿರುವ ಕಟ್ಟನ್ನು ಬಳಸುವುದೂ ಇದೇ ಭಯದಿಂದ.

ಬಿದ್ದು ಹಾರ್ನೆಸ್ಸಿನಲ್ಲಿ ತೂಗಾಡುತ್ತಿರುವವರನ್ನು ಏನು ಮಾಡಬೇಕು?

ಹಾರ್ನೆಸ್ ಕೊಳ್ಳುವ ದಿನವೇ ಇದಕ್ಕೆ ಉತ್ತರ ಸಿದ್ಧವಿರಬೇಕು. ಅಲುಗಾಡದೆ ತೂಗುತ್ತಿರುವವರ ಕಾಲುಗಳಲ್ಲಿ ರಕ್ತ ನಿಂತು, ಹೃದಯಕ್ಕೂ ಮೆದುಳಿಗೂ ಹೋಗುವ ರಕ್ತ ಕಡಿಮೆಯಾಗುತ್ತದೆ; ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯವಾಗಬಹುದು. ಎಚ್ಚರವಿರುವವರು ಮೊದಲು ಮಾಡಬೇಕಾದದ್ದು ಮರವನ್ನು ತಬ್ಬಿ ತಳೆಯನ್ನು ಮತ್ತೆ ಕಾಂಡಕ್ಕೆ ಊರಿ ತೊಡೆಯ ಮೇಲಿನ ಭಾರ ಇಳಿಸುವುದು. ಕಟ್ಟು ಗಿಡ್ಡವಿದ್ದು ಎದೆಯ ಬಳೆಗಿದ್ದರೆ ಇದು ಸಾಧ್ಯ. ತಳೆ ಕಳಚಿ ಬಿದ್ದಿದ್ದರೆ ಪಾದವಿಟ್ಟು ನಿಲ್ಲಲು ಒಂದು ಹಗ್ಗದ ಕುಣಿಕೆ ಹಾರ್ನೆಸ್ಸಿನಲ್ಲೇ ಸುತ್ತಿಟ್ಟಿರಬೇಕು. ಕೆಲವು ಹಾರ್ನೆಸ್‌ಗಳ ಜೊತೆ ಇಂಥ ಪಟ್ಟಿ ಬರುತ್ತದೆ.

ಪ್ರಜ್ಞೆ ತಪ್ಪಿದವರನ್ನು ಇಳಿಸಲು ಇನ್ನೊಬ್ಬ ಏರುವವರು, ಇನ್ನೊಂದು ಹಾರ್ನೆಸ್, ಆ ಎತ್ತರದ ಎರಡು ಪಟ್ಟು ಉದ್ದದ ಗಟ್ಟಿ ಹಗ್ಗ ಬೇಕು. ಹಾಗಾಗಿ ಒಂಟಿಯಾಗಿ ತೋಟಕ್ಕೆ ಹೋಗಿ ಮರ ಏರುವುದು ಹಾರ್ನೆಸ್ ಇದ್ದರೂ ಸಲ್ಲದು, ಕೆಳಗೆ ನೇಣು ಹಿಡಿಯುವವರು ಕೂಗಿಗೆ ಸಿಗುವಷ್ಟು ಹತ್ತಿರವಿರಬೇಕು. ಇಳಿಸಿದವರನ್ನು ಮಲಗಿಸಬಾರದೆಂಬ ಮಾತು ಹಿಂದೆ ಪ್ರಚಾರದಲ್ಲಿತ್ತು. ಬ್ರಿಟನ್ನಿನ ಸುರಕ್ಷತಾ ಇಲಾಖೆ ನಡೆಸಿದ ಪರಿಶೀಲನೆಯಲ್ಲಿ ಅದಕ್ಕೆ ಆಧಾರ ಕಾಣಲಿಲ್ಲ. ಅಂಗಾತ ಮಲಗಿಸಿ, ಉಸಿರಾಟ ನೋಡಿಕೊಂಡು, ಬೆನ್ನು ಕುತ್ತಿಗೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ. ತೂಗಿದ್ದು ಐದೇ ನಿಮಿಷವಾದರೂ ವೈದ್ಯರಿಗೆ ತೋರಿಸಲೇಬೇಕು.

ತೆಂಗಿನ ಮರ ಏರುವ ಯಂತ್ರ ಬಳಸುವವರಿಗೂ ಹಾರ್ನೆಸ್ ಬೇಕೇ?

ಬೇಕು. ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಅವರು ರೂಪಿಸಿದ, ನಿಂತು ಏರುವ ಯಂತ್ರ ನಮ್ಮಲ್ಲೂ ಬಳಕೆಯಲ್ಲಿದೆ. ಅದರ ತಂತಿಯ ಬಳಸು ಕಾಲಿಗೆ ಆಸರೆಯೇ ಹೊರತು ಮೈಗಲ್ಲ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಅದಕ್ಕೆ ಪ್ರತ್ಯೇಕ ಸುರಕ್ಷತಾ ಜೋಡಣೆಯನ್ನು ರೂಪಿಸಿದ್ದು ಈ ಕಾರಣಕ್ಕೇ. ತೆಂಗಿನ ಕಾಂಡ ಅಡಿಕೆಗಿಂತ ಎರಡು ಪಟ್ಟಾದರೂ ದಪ್ಪವಿರುವುದರಿಂದ ಅಡಿಕೆಗೆಂದು ತಂದ ಕುಣಿಕೆ ಅದಕ್ಕೆ ಸಾಲುವುದಿಲ್ಲ.

ಕಾರ್ಬನ್ ಫೈಬರ್ ದೋಟಿ ಬಂದ ಮೇಲೂ ಇದೆಲ್ಲ ಅಗತ್ಯವೇ?

ದೋಟಿ ತಲುಪುವ ಕಡೆ ಮರ ಏರದಿರುವುದೇ ಎಲ್ಲಕ್ಕಿಂತ ಸುರಕ್ಷಿತ. ಹಣ ಒಂದಕ್ಕೆ ಮಾತ್ರ ಸಾಲುವಂತಿದ್ದು, ದೋಟಿ ಮತ್ತು ಹಾರ್ನೆಸ್ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ದೋಟಿಯನ್ನೇ ಆರಿಸಿ ಎನ್ನುತ್ತೇವೆ. ಕಾರ್ಬನ್ ಫೈಬರ್ ವಿದ್ಯುತ್ ಹರಿಯಬಿಡುವ ವಸ್ತುವಾದ್ದರಿಂದ ತೋಟದ ಮೇಲೆ ಹಾದುಹೋಗುವ ತಂತಿಯ ಹತ್ತಿರ ಮಾತ್ರ ಅದನ್ನು ಎತ್ತಲೇಬಾರದು. ಕೊಟ್ಟೆ ಕಟ್ಟುವ ಕೆಲಸಕ್ಕೆ, ದೋಟಿಗೆ ನಿಲುಕದ ಹಳೆಯ ಮರಗಳಿಗೆ, ದೋಟಿ ತಿರುಗಿಸಲಾಗದ ಒತ್ತು ತೋಟಗಳಿಗೆ ಏರುವವರು ಇನ್ನೂ ಬೇಕು.

ಮೂವತ್ತು ವರ್ಷದಿಂದ ಏರುತ್ತಿರುವವರು ಹಾರ್ನೆಸ್ ಬೇಡವೆನ್ನುತ್ತಾರೆ. ಒಪ್ಪಿಸುವುದು ಹೇಗೆ?

ಅವರ ಅನುಭವವನ್ನು ಪ್ರಶ್ನಿಸುವ ದಾರಿಯಿಂದ ಹೋದರೆ ಯಾರೂ ಒಪ್ಪುವುದಿಲ್ಲ. ಅವರಿಗೆ ಏರಲು ಬರುತ್ತದೆಯೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಚಂಡೆಯಲ್ಲಿ ಅಡಗಿದ ಕಣಜದ ಗೂಡು, ಕಣ್ಣೊಳಗೆ ಬಿದ್ದ ಚಗಳಿ ಇರುವೆ, ಸಂಜೆಯ ಹೊತ್ತಿಗೆ ಸೋತ ಕೈ, ಹಠಾತ್ತನೆ ಬಂದ ತಲೆಸುತ್ತು ಇವುಗಳಿಗೂ ಕೌಶಲಕ್ಕೂ ಸಂಬಂಧವಿಲ್ಲ.

ನಿಜವಾದ ತಡೆ ಕೂಲಿಯ ಲೆಕ್ಕದಲ್ಲಿದೆ. ಮರಕ್ಕೆ ಇಷ್ಟು, ಕೊನೆಗೆ ಇಷ್ಟು ಎಂದು ಗುತ್ತಿಗೆ ಕೊಟ್ಟಾಗ ಕುಣಿಕೆ ಸರಿಸುವ ಪ್ರತಿ ನಿಮಿಷವೂ ಅವರ ದುಡಿಮೆಯಿಂದ ಕಳೆಯುತ್ತದೆ. ಹಾರ್ನೆಸ್ ತಂದುಕೊಟ್ಟು ಹಳೆಯ ದರವನ್ನೇ ಉಳಿಸಿಕೊಂಡ ಮಾಲೀಕರು, ಅದನ್ನು ತೊಡಬೇಡ ಎಂದು ಹೇಳಿದಂತೆಯೇ ಆಯಿತು. ನಾವು ಹಾರ್ನೆಸ್ ತೊಟ್ಟು ಏರುವವರಿಗೆ ದಿನಗೂಲಿ ಕೊಡಲು ಶುರುಮಾಡಿದೆವು. ಮೊದಲ ಕೊಯ್ಲಿನಲ್ಲಿ ಖರ್ಚು ಹೆಚ್ಚಾಯಿತು, ಎರಡನೆಯ ವರ್ಷ ಅವರ ಕೈ ಪಳಗಿ ಅಂತರ ತಗ್ಗಿತು. ಈಗ ನಮ್ಮಲ್ಲಿಗೆ ಬರುವ ಹಿರಿಯ ಕೊನೆಗೌಡರೊಬ್ಬರು ಹೆಗಲಿಗೆ ನೇಣು ಹಾಕಿಕೊಳ್ಳುವ ಮೊದಲೇ ಹಾರ್ನೆಸ್ಸಿನ ಪಟ್ಟಿ ಎಳೆದು ನೋಡುತ್ತಾರೆ; ಅವರ ಮಗನೂ ಮರ ಏರಲು ಕಲಿಯುತ್ತಿದ್ದಾನೆ, ಅವನಿಗೆ ಮೊದಲ ದಿನದಿಂದಲೇ ಕುಣಿಕೆ ಹಾಕಿಸಿ ಕಲಿಸುತ್ತಿದ್ದಾರೆ.

ಹಾರ್ನೆಸ್ ಇದ್ದ ಮಾತ್ರಕ್ಕೆ ವಿಮೆ ಬೇಡವೆಂದಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 18ರಿಂದ 70 ವರ್ಷದವರು ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿ ಸೇರಬಹುದು. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ ರೂಪಾಯಿ ಸಿಗುತ್ತದೆ. ಕೆಲಸಗಾರರ ಆ ಕಂತನ್ನು ಮಾಲೀಕರೇ ಕಟ್ಟುವುದು ದೊಡ್ಡ ಹೊರೆಯಲ್ಲ.

ಹಾರ್ನೆಸ್ ಎಷ್ಟು ವರ್ಷ ಬಾಳುತ್ತದೆ? ಯಾವಾಗ ಎಸೆಯಬೇಕು?

ತಯಾರಕರು ಚೀಟಿಯಲ್ಲಿ ಅಥವಾ ಜೊತೆಗಿನ ಕಾಗದದಲ್ಲಿ ಹೇಳಿದ ಅವಧಿಯೇ ಹೊರಗಿನ ಮಿತಿ. ಬಿಸಿಲು, ಮಳೆ, ಅಡಿಕೆಯ ಚೊಗರು, ಮೈಲುತುತ್ತ ಇವೆಲ್ಲ ಸೇರಿದ ತೋಟದ ಕೆಲಸದಲ್ಲಿ ಅಷ್ಟು ದಿನ ಬಾಳದಿರಬಹುದು. ಪ್ರತಿ ಬೆಳಗ್ಗೆ ತೊಡುವ ಮೊದಲು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಮುಖವಾಗಿ ಬಾಗಿಸಿ, ಗೇಣು ಗೇಣಾಗಿ ಸರಿಸುತ್ತ ಬೆಳಕಿಗೆ ಹಿಡಿದು ನೋಡಿ. ಬಾಗಿಸಿದಾಗ ಮಾತ್ರ ಕಾಣುವ ಸಣ್ಣ ಸೀಳು, ಎದ್ದ ನೂಲು, ಬಿಚ್ಚಿದ ಹೊಲಿಗೆ, ಬಣ್ಣ ಮಾಸಿ ಗರಿಗರಿಯಾದ ಜಾಗ, ಕರಗಿ ಗಟ್ಟಿಯಾದ ಚುಕ್ಕೆ ಕಂಡರೆ ಆ ಹಾರ್ನೆಸ್ ಅಂದಿಗೆ ಮುಗಿಯಿತು. ಮನೆಯಲ್ಲಿ ಸೂಜಿದಾರ ಹಿಡಿದು ಹೊಲಿದು ಸರಿಮಾಡುವುದು ಬೇಡ.

ಒಮ್ಮೆ ಬಿದ್ದವರನ್ನು ಹಿಡಿದ ಹಾರ್ನೆಸ್, ಕುಣಿಕೆ ಮತ್ತು ಅಬ್ಸಾರ್ಬರ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಬಳಸುವಂತಿಲ್ಲ. ಮಳೆಗಾಲದಲ್ಲಿ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ, ಇಲಿಯೂ ಕಡಿಯುತ್ತದೆ. ಮುಚ್ಚಳವಿರುವ ಡಬ್ಬದಲ್ಲಿ, ಬ್ಯಾಟರಿ ನೀರು ಮತ್ತು ಗೊಬ್ಬರದಿಂದ ದೂರ ಇಡಿ. ಎಸೆಯುವಾಗ ಪಟ್ಟಿಗಳನ್ನು ನಾಲ್ಕಾರು ಕಡೆ ಕತ್ತರಿಸಿಯೇ ಎಸೆಯಬೇಕು, ಇಲ್ಲವಾದರೆ ಅದನ್ನು ಗುಜರಿಯಿಂದ ಎತ್ತಿಕೊಂಡು ಇನ್ನೊಬ್ಬರು ತೊಟ್ಟು ಮರ ಏರುತ್ತಾರೆ.